ಜೋಳ ಎಂದರೇನೆಂದು ಕೇಳಿದ ಚಾಂಪಿಯನ್

ಹೋದ ಭಾನುವಾರ ಬಟ್ಟೆ ನೆನೆಹಾಕುವಾಗ ನೋಡದೆ ಒಂದು ಚಿಕ್ಕ ಚೀಲವನ್ನೂ ಬಕೆಟ್ಟಿಗೆ ಹಾಕಿಬಿಟ್ಟಿದ್ದೆ. ನೋಡನೋಡುತ್ತ ನೀರು ನೀಲಿಯಾಯಿತು. ನನ್ನ ಬಿಳಿ ಚೂಡಿದಾರದ ತೋಳಿಗೆ ಹತ್ತಿದ ಆ ನೀಲಿ ಎಷ್ಟು ತಿಕ್ಕಿದರೂ ಬಿಡಲಿಲ್ಲ. ಚೀಲವನ್ನು ಹಿಂಡಿ ಮೂಗಿನ ಹತ್ತಿರ ಹಿಡಿದೆ. ಮಣ್ಣಿನದೂ ಅಲ್ಲ, ಎಣ್ಣೆಯದೂ ಅಲ್ಲ, ಎರಡರ ನಡುವಿನ ಒಂದು ವಾಸನೆ... ಸಿಂಧ್ ಸೀಮೆಯಲ್ಲಿ ಮರದ ಅಚ್ಚು ಒತ್ತಿ ಬಣ್ಣ ಕಟ್ಟುವ ಬಟ್ಟೆ ಅದು. ದೇವದುರ್ಗದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಬಿಸಿಲು ಆಗಲೇ ಒಗೆಯುವ ಕಲ್ಲನ್ನು ಕಾಯಿಸುತ್ತಿದ್ದಾಗ, ಆ ಒದ್ದೆ ಚೀಲ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ.

ಚೀಲ ಹೊಲಿದದ್ದು ಕರಾಚಿಯ ಒಬ್ಬ ದರ್ಜಿ. ನನಗೆ ಕೊಟ್ಟವಳು ಅವರ ಮಗಳು. ಪದ ಕಟ್ಟುವ ಆಟದಲ್ಲಿ ಅವಳು ಒಂದು ಕಾಲಕ್ಕೆ ಹದಿನೆಂಟರೊಳಗಿನವರ ಜಗತ್ತಿಗೇ ಮೊದಲಿಗಳು. ಅವಳ ಊರಿನಲ್ಲಿ ಅವಳ ಹೆಸರು ನಾಲ್ಕು ಜನಕ್ಕೆ ಗೊತ್ತು. ರಾಯಚೂರು ಹತ್ತಿರದ ಮಾನ್ವಿಯಲ್ಲಿರುವ ನಮ್ಮ ಮನೆಯಲ್ಲಿ ಮಾತ್ರ ಅವಳು ಕೊನೆಯವರೆಗೂ ‘ಕರಾಚಿ ಹುಡುಗಿ’ಯೇ ಆಗಿದ್ದಳು. ನನ್ನ ಬಾಯಿಗೂ ಅದೇ ಬರುತ್ತದೆ.

ಸ್ಕ್ರ್ಯಾಬಲ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಚೌಕಗಳಿರುವ ಹಲಗೆ, ಇಂಗ್ಲಿಷ್ ಅಕ್ಷರಗಳ ನೂರು ಬಿಲ್ಲೆ. ಆಡುವವರ ಮುಂದೆ ಯಾವಾಗಲೂ ಏಳೇಳು ಬಿಲ್ಲೆ. ಅವುಗಳಿಂದ ಪದ ಕಟ್ಟಿ, ಹಲಗೆಯ ಮೇಲೆ ಮೊದಲೇ ಇರುವ ಪದಕ್ಕೆ ಹೊಂದಿಸಿ ಇಡಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ. ಕೆಲವು ಬಣ್ಣದ ಚೌಕಗಳಲ್ಲಿ ಇಟ್ಟರೆ ಆ ಬೆಲೆ ದುಪ್ಪಟ್ಟಾಗುತ್ತದೆ, ಮೂರು ಪಟ್ಟಾಗುತ್ತದೆ, ಆದರೆ ಒಂದು ಚೌಕದಿಂದ ಆ ಲಾಭ ಒಂದೇ ಸಲ. ಎದುರಿನವರು ಇಟ್ಟ ಪದ ನಿಘಂಟಿನಲ್ಲಿ ಇಲ್ಲ ಅನಿಸಿದರೆ ಆಕ್ಷೇಪ ಎತ್ತಬಹುದು. ಪದ ಇದ್ದುಬಿಟ್ಟರೆ ನಷ್ಟ ಎತ್ತಿದವರಿಗೆ.

ಈ ಆಟ ನಮ್ಮ ಮನೆಗೆ ಬಂದದ್ದು ತಾತನ ಕಾರಣಕ್ಕೆ. ನನ್ನ ತಾತ, ಅಂದರೆ ಅಪ್ಪನ ಅಪ್ಪ, ಮಾನ್ವಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೆಳಿಗ್ಗೆ ಸಂಧ್ಯಾವಂದನೆ, ದ್ವಾದಶನಾಮ, ಮಠದ ಕಡೆ ಒಂದು ಸುತ್ತು. ಮಧ್ಯಾಹ್ನ ಉರ್ದು ಪತ್ರಿಕೆ. ನಿಜಾಮರ ಕಾಲದಲ್ಲಿ ರಾಯಚೂರಿನಲ್ಲಿ ಓದಿದವರಾದ್ದರಿಂದ ಅವರ ಶಾಲೆಯೆಲ್ಲ ಉರ್ದುವಿನಲ್ಲೇ ನಡೆದಿತ್ತು. ಕೊನೆಯವರೆಗೂ ಲೆಕ್ಕ ಮಾಡುವಾಗ ಅವರ ತುಟಿಯ ಮೇಲೆ ಬರುತ್ತಿದ್ದದ್ದು ಗ್ಯಾರಾ, ಬಾರಾ, ತೇರಾ. ದೇವರಿಗೆ ಏರಿಸುವ ತುಳಸಿ ದಳಗಳನ್ನೂ ಹಾಗೇ ಎಣಿಸುತ್ತಿದ್ದರು. ಅಮ್ಮ ಅದಕ್ಕೆ ನಗುತ್ತಿದ್ದಳು. ಹಳೆಯ ಶಿಷ್ಯನೊಬ್ಬ ಕೊಟ್ಟುಹೋಗಿದ್ದ ಸ್ಕ್ರ್ಯಾಬಲ್ ಹಲಗೆಯನ್ನು ಬೇಸಿಗೆ ರಜೆಯಲ್ಲಿ ಹೊರಗೆ ತೆಗೆದು ನನಗೆ ಆಟ ಕಲಿಸಿದವರು ಅವರೇ. ಒಂದೆರಡು ವರ್ಷದಲ್ಲಿ ನಾನು ಅವರನ್ನು ಸೋಲಿಸತೊಡಗಿದೆ. ಆಮೇಲೆ ಮಾನ್ವಿಯಲ್ಲಿ ನನಗೆ ಎದುರಾಳಿಗಳಿಲ್ಲದೆ ಅಪ್ಪನ ಫೋನಿನಲ್ಲಿ ಊರು ಕೇರಿ ಗೊತ್ತಿಲ್ಲದವರ ಜೊತೆ ಆಡತೊಡಗಿದೆ.

ಅಲ್ಲೇ ಅವಳು ಸಿಕ್ಕಿದ್ದು. ನನಗೆ ಆಗ ಹದಿನೈದು. ಮೊದಲ ಆಟದಲ್ಲೇ ಅವಳು ಹಲಗೆಯ ಮೇಲೆ ‘ಜೋವಾರ್’ ಎಂದು ಇಟ್ಟಳು. ಯಾರೋ ತಮಾಷೆ ಮಾಡುತ್ತಿದ್ದಾರೆ, ಜೋಳ ಎಲ್ಲಿಯ ಇಂಗ್ಲಿಷು ಎಂದುಕೊಂಡು ಆಕ್ಷೇಪ ಎತ್ತಿದೆ. ಪದ ಸರಿ ಎಂದು ಬಂತು. ನನ್ನ ಸರದಿ ಹೋಯಿತು, ಸ್ವಲ್ಪ ಹೊತ್ತಿಗೆ ಆಟವೂ ಹೋಯಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಾತ ಕನ್ನಡಕ ಸರಿಮಾಡಿಕೊಂಡರು.

“ಜ್ವಾಳ ಇಂಗ್ಲಿಷಿನಾಗೂ ಅದ ಏನು? ಹಂಗಾದ್ರ ಆಕಿದೇನೂ ತಪ್ಪಿಲ್ಲ. ದಿನಾ ಉಣ್ಣೋದನ್ನ ನೀನೇ ಇಲ್ಲ ಅಂದಿ,” ಎಂದರು.

ಆಟ ಮುಗಿದ ಮೇಲೆ ಅವಳಿಂದ ಒಂದು ಸಂದೇಶ ಬಂತು. ಯಾಕೆ ಆಕ್ಷೇಪ ಎತ್ತಿದೆ ಎಂದು ಕೇಳಿದ್ದಳು. ನಾನು ನನಗೆ ಬರುವ ರಾಯಚೂರು ಕಡೆಯ ದಖನಿ ಉರ್ದುವಿನಲ್ಲಿ, ನಮ್ಮ ಮನೆಯ ಅನ್ನದ ಹೆಸರು ಇಂಗ್ಲಿಷ್ ನಿಘಂಟಿನಲ್ಲಿ ಇರುತ್ತದೆಂದು ಗೊತ್ತಿರಲಿಲ್ಲ ಎಂದು ಬರೆದೆ. ಅದಕ್ಕೆ ಅವಳು, ಹಾಗಾದರೆ ಅದು ತಿನ್ನುವ ವಸ್ತುವೇ, ಎಂದು ಕೇಳಿದಳು. ಅವಳಿಗೆ ಅದೊಂದು ಐದು ಬಿಲ್ಲೆಯ ಪದ ಅಷ್ಟೇ ಆಗಿತ್ತು. ಅಡುಗೆಮನೆಯಲ್ಲಿ ಅಮ್ಮ ಬಡಿದು ಒಟ್ಟಿದ್ದ ಖಡಕ್ ರೊಟ್ಟಿಗಳ ಫೋಟೋ ತೆಗೆದು ಕಳಿಸಿದೆ. ಅವಳು ಅದನ್ನು ತನ್ನ ತಾಯಿಗೆ ತೋರಿಸಿ, ಅವರು ಇದನ್ನು ಬಲ್ಲರು, ಚಿಕ್ಕವರಿದ್ದಾಗ ತಿಂದಿದ್ದರಂತೆ, ಎಂದು ಬರೆದಳು.

ಹೀಗೆ ಶುರುವಾಯಿತು. ವಾರದಲ್ಲಿ ಮೂರು ನಾಲ್ಕು ಸಂಜೆ ಆಡುತ್ತಿದ್ದೆವು. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅಲ್ಲೂ ಕರೆಂಟು ಹೋಗುತ್ತಿತ್ತು, ಇಲ್ಲೂ ಹೋಗುತ್ತಿತ್ತು. ಎರಡೂ ಕಡೆ ಇದ್ದಾಗ ಆಟ. ಬಹುತೇಕ ಅವಳೇ ಗೆಲ್ಲುತ್ತಿದ್ದಳು. ಶಾಲೆಯ ಒಬ್ಬ ಟೀಚರು ಈ ಆಟ ಹಿಡಿಸಿದ್ದರಂತೆ. ಬಸ್ಸಿನಲ್ಲಿ ಹೋಗುವಾಗ, ತಂದೆಯ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹಚ್ಚುವಾಗ, ಸದಾ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಎಡಗೈಯವಳು. ಉಗುರು ಕಚ್ಚುವ ಚಟ. ಸೋತರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಅವಳು ಮುಚ್ಚಿಡುತ್ತಿರಲಿಲ್ಲ. ನನಗೆ ಅದೇ ಇಷ್ಟವಾಗಿತ್ತು.

ಒಂದು ದಿನ ವೀಡಿಯೋದಲ್ಲಿ ತಾತನಿಗೆ ಅವಳ ಪರಿಚಯ ಮಾಡಿಸಿದೆ. ತಾತ ಪಂಚೆ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಮಾತಾಡತೊಡಗಿದರು. ನಾನು ಅಂಥ ಉರ್ದು ಅವರ ಬಾಯಲ್ಲಿ ಕೇಳಿರಲೇ ಇಲ್ಲ. ಮಾನ್ವಿಯ ಸಂತೆಯಲ್ಲಿ ಅವರೂ ನನ್ನ ಹಾಗೇ ಒರಟೊರಟು ದಖನಿ ಆಡುತ್ತಿದ್ದರು. ಇದು ಬೇರೆ. ಒಂದೊಂದು ಮಾತೂ ಇಸ್ತ್ರಿ ಮಾಡಿ ಮಡಿಚಿಟ್ಟ ಹಾಗೆ. ಅವಳು ಒಮ್ಮೆಲೇ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ನೇರ ಕೂತಳು. ಅಷ್ಟು ಚೆನ್ನಾದ ಮಾತಿನ ಮುಂದೆ ಕಾಲಾಡಿಸುತ್ತ ಕೂರುವುದು ಹೇಗೆ ಎಂದು ಆಮೇಲೆ ನನಗೆ ಹೇಳಿದಳು. ಅವರನ್ನು ದಾದಾ, ಅಂದರೆ ತಾತ, ಎಂದೇ ಕರೆದಳು.

ತಾತ ಅವಳು ಆ ದಿನ ಇಟ್ಟಿದ್ದ ಒಂದು ಪದದ ಅರ್ಥ ಕೇಳಿದರು. ‘ಜ್ಯಾಕ್ಸ್’ ಎಂಬ ಮೂರು ಬಿಲ್ಲೆಯ ಪದ. ಅವಳಿಗೆ ಗೊತ್ತಿರಲಿಲ್ಲ. ಅರ್ಥ ಬೇಕಾಗುವುದಿಲ್ಲ ದಾದಾ, ಪದ ಇದೆಯೋ ಇಲ್ಲವೋ ಅಷ್ಟು ಸಾಕು, ಎಂದಳು. ತಾತ ಇನ್ನೊಂದು ಕೇಳಿದರು. ಅದೂ ಗೊತ್ತಿರಲಿಲ್ಲ. ಮೂರನೆಯದನ್ನು ಕೇಳಲಿಲ್ಲ. ಮಕ್ಕಳನ್ನು ಪ್ರಶ್ನಿಸುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿತ್ತು.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳ ದನಿಯ ಸಂದೇಶ ಬಂದಿತ್ತು. ಜ್ಯಾಕ್ಸ್ ಅಂದರೆ ಮಾಡಿಗೆ ಹೊದಿಸುವ ಕಲ್ಲಿನ ಹಾಳೆಗಳನ್ನು ಕತ್ತರಿಸುವ ಒಂದು ಹತಾರ. ತಾತನಿಗೆ ಆದ ಸಂತೋಷ ಹೇಳತೀರದು. ನಮ್ಮ ಮನೆಯ ಮೇಲ್ಮಾಳಿಗೆಯೂ ಕಲ್ಲುಹಾಸಿನದೇ. ತಮ್ಮ ತಂದೆ ಆ ಕಲ್ಲು ಕಡಿಸಿದ್ದು, ಗಾಡಿಯಲ್ಲಿ ತಂದದ್ದು, ಒಂದು ಒಡೆದದ್ದು ಎಲ್ಲ ಅವಳಿಗೆ ಹೇಳಿದರು. ಅಂದಿನಿಂದ ದಿನಕ್ಕೊಂದು ಪದದ ಅರ್ಥ ಕರಾಚಿಯಿಂದ ಮಾನ್ವಿಗೆ ಬರತೊಡಗಿತು.

ನಾನು ಹೈದರಾಬಾದಿನ ಸ್ಪರ್ಧೆಗಳಲ್ಲಿ ಆಡಿ, ಹೇಗೋ ಭಾರತದ ಕಿರಿಯರ ತಂಡಕ್ಕೆ ಆಯ್ಕೆಯಾದೆ. ವಿಶ್ವ ಸ್ಪರ್ಧೆ ಕೊಲಂಬೋದಲ್ಲಿ. ಅವಳೂ ಬರುತ್ತಿದ್ದಳು. ಹಿಂದಿನ ವರ್ಷ ವೀಸಾ ಸಿಗದೆ ಅವಳಿಗೆ ಸ್ಪರ್ಧೆ ತಪ್ಪಿತ್ತು. ವಯಸ್ಸಿನ ಮಿತಿಯೊಳಗೆ ಇನ್ನು ಇದು ಮತ್ತು ಮುಂದಿನದು, ಎರಡೇ ಅವಕಾಶ. ಅಲ್ಲಿ ಹೋಟೆಲಿನ ಮೆಟ್ಟಿಲ ಮೇಲೆ ಮೊದಲ ಸಲ ಎದುರುಬದುರಾದೆವು. ನಾನಂದುಕೊಂಡದ್ದಕ್ಕಿಂತ ಅವಳು ಬಹಳ ಕುಳ್ಳಿ. ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಕೊಟ್ಟೆ. ರೊಟ್ಟಿ ದಾರಿಯಲ್ಲಿ ಪುಡಿಯಾಗಿತ್ತು. ಅವಳು ಆ ಚೂರುಗಳನ್ನೇ ಮೆಟ್ಟಿಲ ಮೇಲೆ ಕೂತು ತಿಂದಳು.

ಕೊನೆಯ ಸುತ್ತಿಗೆ ಬರುವಾಗ ಅವಳು ಎಲ್ಲರಿಗಿಂತ ಮುಂದಿದ್ದಳು. ನಾನು ಎಲ್ಲೋ ನಡುವೆ. ಮೇಲಿನ ಸಾಲಿನವರ ಜೊತೆ ಅವಳ ಆಟ ಆಗಲೇ ಮುಗಿದಿದ್ದರಿಂದ ಆ ಸುತ್ತಿನಲ್ಲಿ ಅವಳಿಗೆ ಎದುರಾಳಿಯಾಗಿ ಬಂದದ್ದು ನಾನೇ. ಅವಳು ಗೆದ್ದರೆ ಚಾಂಪಿಯನ್ ಪದವಿ ಅವಳದು. ನನಗೆ ಗೆದ್ದರೂ ಸೋತರೂ ಬಹಳ ವ್ಯತ್ಯಾಸವಿರಲಿಲ್ಲ. ಆದರೂ ಆಡಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಮುಗಿದಾಗ ಇಬ್ಬರ ಲೆಕ್ಕದಲ್ಲೂ ಅವಳು ಕೂದಲೆಳೆಯಷ್ಟು ಮುಂದೆ. ಹಿಂದೆ ನಿಂತಿದ್ದ ಅವಳ ತಂಡದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಲೆಕ್ಕದ ಹಾಳೆಗೆ ಸಹಿ ಹಾಕಲು ಪೆನ್ನು ತೆಗೆದೆ.

ಅವಳು ಮಾತ್ರ ಹಲಗೆಯಿಂದ ಕಣ್ಣು ಕೀಳಲಿಲ್ಲ. ಉಗುರು ಬಾಯಿಗೆ ಹೋಯಿತು. ಆಮೇಲೆ ಕೈಯೆತ್ತಿ ತೀರ್ಪುಗಾರರನ್ನು ಕರೆದಳು. ಕೊಲಂಬೋದ ಹೆಂಗಸು ಅವರು, ಎಲ್ಲರೂ ಆಂಟಿ ಎನ್ನುತ್ತಿದ್ದರು. ತನ್ನ ಒಂದು ಪದಕ್ಕೆ ಮೂರು ಪಟ್ಟಿನ ಕೆಂಪು ಚೌಕದ ಬೆಲೆ ಸೇರಿಸಿದ್ದೇವೆ, ಆದರೆ ಆ ಚೌಕವನ್ನು ಅದಕ್ಕೂ ಮುಂಚೆಯೇ ಒಮ್ಮೆ ಬಳಸಿಯಾಗಿತ್ತು, ಎಂದಳು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಆಂಟಿ ಮೊದಲಿಂದ ಎಣಿಸಿದರು. ಅವಳು ಸೋತಿದ್ದಳು. ಪದವಿ ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ಥಾಯ್ಲೆಂಡಿನ ಹುಡುಗನಿಗೆ ಹೋಯಿತು. ಅವನಿಗೆ ಏನಾಯಿತೆಂದು ತಿಳಿಯಲು ಸುಮಾರು ಹೊತ್ತು ಬೇಕಾಯಿತು.

ಅವಳು ಎದ್ದು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕಣ್ಣು ಊದಿಸಿಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ನಾನು ಥ್ಯಾಂಕ್ಸ್ ಅಂದೆ. ಅವಳಿಗೆ ಸಿಟ್ಟು ಬಂತು. ಅವಳ ಉರ್ದುವನ್ನು ನನಗೆ ಬಂದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿನಗೆ ಕೊಟ್ಟದ್ದಲ್ಲ ಅದು. ತಪ್ಪು ಕಂಡಿತು. ಕಂಡಮೇಲೆ ಕಾಣಲಿಲ್ಲ ಅನ್ನಲಿಕ್ಕೆ ಬರಲಿಲ್ಲ. ಬಂದಿದ್ದರೆ ಅಂದುಬಿಡುತ್ತಿದ್ದೆ, ನಿನ್ನಾಣೆ.”

ಹೊರಡುವ ದಿನ ಆ ಚೀಲ ಕೊಟ್ಟಳು. ಬಿಲ್ಲೆ ಹಾಕಿಡಲು ತಂದೆಯ ಹತ್ತಿರ ಹೊಲಿಸಿಕೊಂಡು ಬಂದಿದ್ದಳು. ಗೆದ್ದರೆ ಕೊಡಬೇಕು ಅಂದುಕೊಂಡಿದ್ದೆ, ಸೋತರೂ ಹೊತ್ತುಕೊಂಡು ಹೋಗುವುದು ಯಾಕೆ, ಎಂದಳು.

ಮನೆಗೆ ಬಂದು ನಡೆದದ್ದನ್ನೆಲ್ಲ ತಾತನಿಗೆ ಹೇಳಿದೆ. ಆ ಸಂಜೆ ತಾವೇ ಅವಳಿಗೆ ಫೋನು ಹಚ್ಚಿಸಿದರು. ಸ್ಪರ್ಧೆಯ ಮಾತನ್ನೇ ಎತ್ತದೆ, ಇವತ್ತಿನ ಪದ ಯಾಕೆ ಬರಲಿಲ್ಲ ಬೇಟಿ, ಎಂದು ಕೇಳಿದರು. ಅವಳು ಅತ್ತಳು. ಅತ್ತು ಮುಗಿಸಿ ಪದದ ಅರ್ಥ ಹೇಳಿದಳು. ಯಾವ ಪದವೋ, ಈಗ ನೆನಪಿಲ್ಲ...

ಮುಂದಿನ ವರ್ಷ ಅವಳು ಗೆದ್ದಳು. ಆಗ ನನ್ನ ಪಿಯುಸಿ ಪರೀಕ್ಷೆ, ನಾನು ತಂಡದಲ್ಲಿರಲಿಲ್ಲ. ಕೊನೆಯ ಸುತ್ತನ್ನು ಮಾನ್ವಿಯ ಮನೆಯ ಮಾಳಿಗೆ ಹತ್ತಿ ಫೋನಿನಲ್ಲಿ ನೋಡಿದೆವು. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೇ. ತಾತನೂ ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಅವಳು ಕೊನೆಯ ಬಿಲ್ಲೆ ಇಟ್ಟು ಕೈ ಹಿಂದಕ್ಕೆ ತೆಗೆದಾಗ ಅಮ್ಮ ಕೆಳಗಿನಿಂದ ಏನಾಯ್ತೆಂದು ಕೂಗಿ ಕೇಳಿದಳು. “ನಮ್ಮ ಹುಡುಗಿ ಗೆದ್ಲು,” ಎಂದರು ತಾತ. ಓಣಿಯವರೆಲ್ಲ ನಾನೇ ಎಲ್ಲೋ ಗೆದ್ದೆನೆಂದು ತಿಳಿದು ವಿಚಾರಿಸಲು ಬಂದರು. ಬಂದವರಿಗೆಲ್ಲ ಅಮ್ಮ ಸಕ್ಕರೆ ಕೊಟ್ಟಳು. ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಆಮೇಲಿನ ಎರಡು ಮೂರು ವರ್ಷ ಅವಳ ಒಳ್ಳೆಯ ಕಾಲ. ಹಿರಿಯರ ಸ್ಪರ್ಧೆಗಳಿಗೆ ಹೋದಳು. ಮೂವತ್ತು ವರ್ಷದಿಂದ ಆಡುತ್ತಿದ್ದವರನ್ನು ಸೋಲಿಸಿದಳು. ಅವಳ ಫೋಟೋ ಪತ್ರಿಕೆಗಳಲ್ಲಿ ಬಂತು. ಅವಳ ಶಾಲೆಯ ಗೋಡೆಯ ಮೇಲೆ ಹೆಸರು ಬರೆಸಿದರಂತೆ. ಮುಂದಿನ ವಿಶ್ವಪದವಿ ಇವಳದೇ ಎಂದು ಬಲ್ಲವರು ಹೇಳುತ್ತಿದ್ದರು. ನಾನು ಬಿ.ಎ. ಮುಗಿಸಿ ರಾಯಚೂರಿನಲ್ಲಿ ಬಿ.ಎಡ್. ಸೇರಿದ್ದೆ. ಆಟ ಕಡಿಮೆಯಾಗಿತ್ತು, ಮಾತು ಕಡಿಮೆಯಾಗಿರಲಿಲ್ಲ.

ಆ ವರ್ಷವೇ ತಾತನಿಗೆ ಲಕ್ವ ಹೊಡೆಯಿತು. ಪೂಜೆಗೆ ಕೂತವರು ಬಲಕ್ಕೆ ವಾಲಿದರು. ಮಾನ್ವಿಯಿಂದ ರಾಯಚೂರಿನ ಆಸ್ಪತ್ರೆಗೆ ತಂದೆವು. ಜೀವ ಉಳಿಯಿತು. ಬಲಗೈ ಸ್ವಲ್ಪ ಸ್ವಲ್ಪ ಅಲುಗಾಡತೊಡಗಿತು. ಮಾತು ಮಾತ್ರ ಹೋಗಿತ್ತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಏನೋ ಹೇಳಹೋಗಿ, ಬಾಯಿ ತೆರೆದು, ಪದ ಸಿಗದೆ ಮುಖ ಗೋಡೆಗೆ ತಿರುಗಿಸುತ್ತಿದ್ದರು. ಮಾತಿನ ಚಿಕಿತ್ಸೆ ಕೊಡುವವರು ಬಲು ಕಡಿಮೆ, ಮನೆಯವರೇ ಮಾತಾಡಿಸುತ್ತ ಇರಬೇಕು, ಎಂದರು ಡಾಕ್ಟರು. ಮಾನ್ವಿಗೆ ಕರೆದುಕೊಂಡು ಹೋದೆವು. ಅಪ್ಪ ಹರಿನಾಮ ಹೇಳಿಸಲು ನೋಡಿದ, ಅಮ್ಮ ಮಕ್ಕಳ ಹೆಸರು ಹೇಳಿಸಲು ನೋಡಿದಳು. ನಾನು ಶನಿವಾರ ಬಸ್ಸಿನಲ್ಲಿ ನಮ್ಮೂರಿಗೆ ಮುಂಚಿನ ನೀರಮಾನ್ವಿ ದಾಟುವಾಗಲೆಲ್ಲ ಈ ವಾರ ಏನಾದರೂ ಅಂದಿರಬಹುದು ಅಂದುಕೊಳ್ಳುತ್ತಿದ್ದೆ. ಅವರು ಏನೂ ಅಂದಿರುತ್ತಿರಲಿಲ್ಲ. ಸ್ಕ್ರ್ಯಾಬಲ್ ಹಲಗೆ ತಂದಿಟ್ಟರೆ ಎಡಗೈಯಿಂದ ದೂರ ತಳ್ಳಿದರು.

ಕರಾಚಿ ಹುಡುಗಿ ಆಗ ಹಿರಿಯರ ವಿಶ್ವ ಸ್ಪರ್ಧೆಗೆ ತಯಾರಿ ನಡೆಸುತ್ತಿದ್ದಳು. ಸುದ್ದಿ ತಿಳಿದು ದಾದಾನನ್ನು ನೋಡಬೇಕೆಂದಳು. ಅವರು ಮಾತಾಡಲಾರರು ಎಂದೆ. ನಾನು ಆಟ ಆಡುತ್ತೇನೆ, ಅವರು ನೋಡಲಿ, ಎಂದಳು. ಫೋನನ್ನು ತಾತನ ದಿಂಬಿಗೆ ಒರಗಿಸಿ ನಾನು ನೀರು ತರಲು ಒಳಗೆ ಹೋದೆ. ಆಟಕ್ಕೆ ಮುಂಚೆ ಬಿಲ್ಲೆಗಳು ಪೂರ್ತಿ ಇವೆಯೇ ಎಂದು ಎಣಿಸುವುದು ಅವಳ ರೂಢಿ. ಏಕ್, ದೋ, ತೀನ್ ಎಂದು ಎಣಿಸುವುದು ಅಡುಗೆಮನೆಗೂ ಕೇಳುತ್ತಿತ್ತು. ಸಾತ್ ಅನ್ನುವಷ್ಟರಲ್ಲಿ ಅವಳ ತಾಯಿ ಕರೆದಿರಬೇಕು, ನಿಲ್ಲಿಸಿದಳು. ಪಡಸಾಲೆಯಿಂದ ಒಂದು ಒರಟು ದನಿ ಬಂತು.

“ಆಠ್.”

ನಾನು ಚೊಂಬು ಹಿಡಿದು ಬಾಗಿಲಲ್ಲೇ ನಿಂತೆ. ಫೋನಿನಲ್ಲಿ ಅವಳು ಎಣಿಕೆ ಬಿಡಲಿಲ್ಲ. ನಿಧಾನವಾಗಿ “ನೌ” ಎಂದು, ಮುಂದಿನದನ್ನು ಹೇಳದೆ ಕಾದಳು. ತಾತನ ತುಟಿ ನಡುಗಿತು. “ದಸ್.” ಆಮೇಲೆ ಅವಳು ಒಂದು, ಇವರು ಒಂದು. ಗ್ಯಾರಾ, ಬಾರಾ, ತೇರಾ... ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನನ್ನ ಹಿಂದೆ ನಿಂತಳು. ಇಪ್ಪತ್ತು ದಾಟಿದ ಮೇಲೆ ಅವರಿಗೆ ದಣಿವಾಯಿತು. ಕಣ್ಣಿನಿಂದ ನೀರು ಕಿವಿಯವರೆಗೂ ಇಳಿದಿತ್ತು. ಅವಳು, ಇವತ್ತಿಗೆ ಇಷ್ಟು ಸಾಕು ದಾದಾ, ನಾಳೆ ಇಲ್ಲಿಂದ ಮುಂದೆ, ಎಂದು ಸಲಾಮು ಹೇಳಿ ಫೋನಿಟ್ಟಳು. ಆಮೇಲೆ ನನಗೊಬ್ಬಳಿಗೇ ಮತ್ತೆ ಫೋನು ಮಾಡಿದಳು. ನಾಳೆ ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದಳು.

ಡಾಕ್ಟರಿಗೆ ಹೇಳಿದಾಗ, ಹಾಗಾಗುವುದುಂಟು, ಎಳವೆಯಲ್ಲಿ ನಾಲಿಗೆಗೆ ರೂಢಿಯಾದ ಎಣಿಕೆಯಂಥದ್ದು ಕೆಲವರಲ್ಲಿ ಉಳಿದಿರುತ್ತದೆ, ಅದನ್ನೇ ಹಿಡಿದು ಮುಂದೆ ಹೋಗಿ, ಎಂದರು. ಅವಳು ಕರಾಚಿಯ ಆಸ್ಪತ್ರೆಯೊಂದಕ್ಕೆ ಹೋಗಿ, ಮಾತಿನ ಚಿಕಿತ್ಸೆ ಕೊಡುವವರನ್ನು ಕೇಳಿಕೊಂಡು ಬಂದಳು. ಎಣಿಕೆ ಆದಮೇಲೆ ವಾರಗಳ ಹೆಸರು, ತಿಂಗಳ ಹೆಸರು. ಆಮೇಲೆ ಒಂದೊಂದೇ ಬಿಲ್ಲೆ ಎತ್ತಿ ಹಿಡಿದು ಅಕ್ಷರ ಹೇಳಿಸುವುದು. ಆಮೇಲೆ ಆ ಅಕ್ಷರದಿಂದ ಶುರುವಾಗುವ ಮನೆಯ ಒಂದು ಸಾಮಾನು. ಪ್ರತಿದಿನ ಸಂಜೆ, ಅವಳ ಅಭ್ಯಾಸದ ಹೊತ್ತಿನಲ್ಲಿ. ನಿನ್ನ ತಯಾರಿ ಕೆಡುತ್ತದೆ ಎಂದು ನಾನೂ ಹೇಳಿದೆ, ಅವಳ ತಂಡದವರೂ ಹೇಳಿದರು. ಇಡೀ ದಿನದಲ್ಲಿ ನನ್ನ ಮನಸ್ಸಿಗೆ ಹಿಡಿಸುವ ಹೊತ್ತು ಇದೊಂದೇ, ಬಿಡಿ, ಎಂದಳು.

ಕನ್ನಡ ಬಂದದ್ದು ಆಮೇಲೆ. ಒಂದು ಮಧ್ಯಾಹ್ನ ಅಮ್ಮ ಅನ್ನ ಬಡಿಸುತ್ತಿದ್ದಾಗ ತಾತ “ಸಾಕು” ಅಂದರಂತೆ. ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನನಗೆ ಫೋನು ಮಾಡಿದಳು. ಆ ಸುದ್ದಿಯನ್ನು ಕರಾಚಿಗೆ ಹೇಳಿದರೆ, ಸಾಕು ಎಂದರೇನು ಎಂದು ಕೇಳಿದಳು. ಹೇಳಿದೆ. ಮೊದಲ ಪದವೇ ಅದಾ, ಎಂದು ಬಹಳ ಹೊತ್ತು ನಕ್ಕಳು.

ಆ ವರ್ಷದ ವಿಶ್ವ ಸ್ಪರ್ಧೆಯಲ್ಲಿ ಅವಳು ನಡುವಿನಲ್ಲೇ ಹಿಂದೆ ಬಿದ್ದಳು. ಚಾಂಪಿಯನ್ ಮಂಕಾದಳು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ನನಗೆ ಬಹಳ ಸಂಕಟವಾಯಿತು. ನಮ್ಮಿಂದಾಗಿ ಹೀಗಾಯಿತಲ್ಲ ಎಂದು ಹೇಳಲು ಫೋನು ಮಾಡಿದೆ. ಅವಳ ದನಿಯಲ್ಲಿ ಸೋತಾಗಿನ ಆ ಸಿಟ್ಟು ಇರಲಿಲ್ಲ.

“ಹೋದ ವರ್ಷದವರೆಗೂ ಪದಗಳನ್ನು ತಲೆಯೊಳಗೆ ತುಂಬಿಕೊಳ್ಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಈಗ ಒಬ್ಬರ ತಲೆಯಿಂದ ಅವು ಕಳೆದುಹೋದರೆ ಹುಡುಕಿ ತರುವುದು ಹೇಗೆ ಅಂತ ಯೋಚಿಸುತ್ತೇನೆ. ಎರಡನೆಯದು ಕಷ್ಟ. ನನಗೆ ಕಷ್ಟದ ಆಟವೇ ಬೇಕು, ನಿನಗೆ ಗೊತ್ತಲ್ಲ.”

ಅವಳು ಮಾತಿನ ಚಿಕಿತ್ಸೆಯ ಕೋರ್ಸಿಗೆ ಸೇರಿದಳು. ಒಂದೆರಡು ಸ್ಪರ್ಧೆ ಆಡಿದಳು, ಒಂದರಲ್ಲಿ ಗೆದ್ದಳು ಕೂಡ. ಆಮೇಲೆ ಫಲಿತಾಂಶಗಳಲ್ಲಿ ಅವಳ ಹೆಸರು ಬರುವುದು ನಿಂತಿತು. ಅಷ್ಟು ದೊಡ್ಡ ಆಟಗಾರ್ತಿ ಇಪ್ಪತ್ತೆರಡು ಇಪ್ಪತ್ಮೂರಕ್ಕೇ ಬಿಟ್ಟುಬಿಟ್ಟಳಲ್ಲ ಎಂದು ಆಟದ ಮಂದಿ ಈಗಲೂ ಬೇಸರ ಮಾಡಿಕೊಳ್ಳುತ್ತಾರೆ. ನನಗೂ ಒಮ್ಮೊಮ್ಮೆ ಬೇಸರವಾಗುತ್ತದೆ. ಅವಳು ಹಲಗೆಯ ಮುಂದೆ ಕೂತು ಆಡುವುದನ್ನು ನೋಡಿದವರಿಗೆ ಅದು ಆಗದೆ ಇರುವುದಿಲ್ಲ.

ತಾತ ಆಮೇಲೆ ಎರಡು ವರ್ಷ ಇದ್ದರು. ಅರ್ಧ ಕನ್ನಡ, ಅರ್ಧ ಉರ್ದು, ನಡುವೆ ಒಂದು ಇಂಗ್ಲಿಷ್ ಪದ. ನನ್ನ ಹೆಸರು ಕೊನೆಗೂ ಸರಿಯಾಗಿ ಬರಲಿಲ್ಲ. ನನ್ನನ್ನೂ ಬೇಟಿ ಎಂದೇ ಕರೆದರು. ಆಷಾಢದ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಆ ದಿನಗಳಲ್ಲಿ ಎರಡು ದೇಶಗಳ ನಡುವೆ ಮತ್ತೆ ಕಾವೇರಿತ್ತು. ಇಂಟರ್ನೆಟ್ಟಿನ ಅವಳ ಪುಟ ಇಲ್ಲಿ ತೆರೆಯುತ್ತಿರಲಿಲ್ಲ, ಫೋನು ಹೋಗುತ್ತಿರಲಿಲ್ಲ. ತಾತ ಹೋದರು ಎಂದು ಫೋನಿನಲ್ಲಿ ಬರೆದು ಕಳಿಸಿದ ಎರಡು ಮಾತಿನ ಕೆಳಗೆ, ಹೊರಟಿತು ಎನ್ನುವ ಒಂದೇ ಗೆರೆ ಬಿತ್ತು. ತಲುಪಿತು ಎನ್ನುವ ಎರಡನೆಯ ಗೆರೆ ಬೀಳಲಿಲ್ಲ. “ಸ್ವಲ್ಪ ದಿನ ಸುಮ್ನಿರವಾ. ಆಕಿಗೂ ತೊಂದ್ರಿ ಆಗಬಾರ್ದು,” ಎಂದ ಅಪ್ಪ. ಸುಮ್ಮನಿದ್ದೆ. ಅಷ್ಟರಲ್ಲಿ ಅವಳು ನಂಬರು ಬದಲಿಸಿರಬೇಕು, ಅವಳಿಗೂ ಅಲ್ಲಿ ಯಾರೋ ಸುಮ್ಮನಿರು ಅಂದಿರಬೇಕು. ಆ ಸಂದೇಶದ ಮೇಲೆ ಇವತ್ತಿಗೂ ಒಂದೇ ಗೆರೆ...

ಈಗ ನಾನು ದೇವದುರ್ಗದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಕೆಲವು ಹುಡುಗಿಯರನ್ನು ಕೂರಿಸಿಕೊಂಡು ಆಟ ಆಡಿಸುತ್ತೇನೆ. ಹೋದ ತಿಂಗಳು ಮೊದಲ ಸಲ ಅವರಲ್ಲಿ ಇಬ್ಬರನ್ನು ಹೈದರಾಬಾದಿನ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ತೀರ್ಪುಗಾರರ ಮೇಜಿನಲ್ಲಿ ಕೊಲಂಬೋದ ಆಂಟಿ ಕೂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು, ಆದರೂ ನನ್ನನ್ನು ಗುರುತು ಹಿಡಿದರು. ಅವಳ ಸುದ್ದಿ ಅವರಿಂದಲೇ ಸಿಕ್ಕಿತು. ಕರಾಚಿಯ ಒಂದು ಆಸ್ಪತ್ರೆಯಲ್ಲಿ ಮಾತು ಬಾರದ ಮಕ್ಕಳ ಜೊತೆ ಕೆಲಸ ಮಾಡುತ್ತಾಳಂತೆ. ಆಟ ಆಡುವುದಿಲ್ಲವಂತೆ, ಆದರೆ ಎರಡು ವರ್ಷಕ್ಕೊಮ್ಮೆ ತನ್ನ ದೇಶದ ಕಿರಿಯರ ತಂಡದ ಜೊತೆ ಮೇಲ್ವಿಚಾರಕಿಯಾಗಿ ಹೊರದೇಶಕ್ಕೆ ಬರುತ್ತಾಳಂತೆ. ತಾತನ ವಿಷಯ ಅವಳಿಗೆ ಗೊತ್ತೇ ಎಂದು ಕೇಳಿದೆ. ಹೋದ ಸಲ ಸಿಕ್ಕಾಗಲೂ ದಾದಾ ಹೇಗಿದ್ದಾರೋ ಎಂದು ಕೇಳಿದ್ದಳಂತೆ. ನಾನು ತಿಳಿಸಲಾ ಎಂದು ಆಂಟಿ ಕೇಳಿದರು. ಅವಳ ಹೊಸ ನಂಬರು ಅವರ ಬಳಿ ಇತ್ತು. ಸ್ವಲ್ಪ ಯೋಚಿಸಿ, ಬೇಡ ಎಂದೆ. ಅದನ್ನು ನಾನೇ ಅವಳ ಎದುರು ಕೂತು ಹೇಳಬೇಕು. ಆ ಸುದ್ದಿ ಕೇಳುವಾಗ ಅವಳು ಒಬ್ಬಳೇ ಇರಬಾರದು.

ವಾಪಸು ಬರುವ ರೈಲಿನಲ್ಲಿ ಹುಡುಗಿಯರಿಬ್ಬರೂ ಸಪ್ಪಗಿದ್ದರು. ಹೆಚ್ಚು ಆಟ ಸೋತೇ ಬಂದಿದ್ದರು. ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಈ ಕಥೆಯನ್ನೆಲ್ಲ ಹೇಳಿದೆ. ಮಸರಕಲ್ಲಿನಿಂದ ಶಾಲೆಗೆ ಬರುವ ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ಅವರ ಮನೆಯವರು ಕುರಿ ಸಾಕುವವರು. ಅವಳೂ ಸೋಲನ್ನು ಬೇಗ ಒಪ್ಪುವವಳಲ್ಲ. ಕಥೆ ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಮೇಡಂ, ಅಕಿ ಇಲ್ಲಿಗಿ ಬರಾಕ ಆಗಂಗಿಲ್ಲ ಅಂದ್ರಿ. ನಾವ ಅಕಿ ಬರೋ ಊರಿಗಿ ಹೋಗಬೇಕಂದ್ರ ಏನು ಮಾಡಬೇಕ್ರಿ?”

ಮೊದಲು ಹೈದರಾಬಾದಿನಲ್ಲಿ ಗೆಲ್ಲಬೇಕು, ಆಮೇಲೆ ದೇಶದ ಆಯ್ಕೆಯಲ್ಲಿ ಗೆಲ್ಲಬೇಕು, ನೀನು ಹೋದರೆ ನಿನ್ನ ಜೊತೆ ನಾನೂ ಬರಬಹುದು, ಎಂದೆ. ಅದು ಎಷ್ಟು ದೂರದ ಮಾತೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಾಗಿರಬೇಕು, ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.

“ಹಂಗಾದ್ರ ಹಲಗಿ ತೆಗೀರಿ,” ಎಂದಳು.

ಸೀಟಿನ ಮೇಲೆ ಹಲಗೆ ಬಿಚ್ಚಿ ಆಡಲು ಕೂತೆವು. ಕೃಷ್ಣೆಯ ಸೇತುವೆ ದಾಟುವಾಗ ಬಿಲ್ಲೆಗಳು ಅದುರಿ ಜರುಗಿದವು. ಇನ್ನೊಬ್ಬ ಹುಡುಗಿ ಎರಡೂ ಅಂಗೈಯಿಂದ ಹಲಗೆಯನ್ನು ಒತ್ತಿ ಹಿಡಿದಳು. ರಾಯಚೂರು ಬಂದಾಗ ಆಟ ಮುಗಿದಿರಲಿಲ್ಲ. ಹಲಗೆಯನ್ನು ಅಲುಗಿಸದೆ ಮೂವರೂ ಹಿಡಿದು ಕೆಳಗಿಳಿಸಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲಿಟ್ಟು ಎದುರುಬದುರು ಕೂತೆವು. ಸಂಜೆಯ ಬೆಳಕು ಇನ್ನೂ ಇತ್ತು. ಸರದಿ ಮಸರಕಲ್ಲಿನ ಹುಡುಗಿಯದು. ಏಳು ಬಿಲ್ಲೆಗಳನ್ನೂ ನೋಡುತ್ತ ಕೂತಳು. ದೇವದುರ್ಗದ ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಹೇಳಲಿಲ್ಲ.